ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬೇಕೋ ಬೇಡವೋ? ಮೊದಲು ಅಳೆದು ನೋಡಿ

ಗೇಮಿಂಗ್ ಕಂಪ್ಯೂಟರ್ ಜೋಡಿಸಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕೋ, ಅಂದರೆ ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಮೇಲೆ ಓಡಿಸಬೇಕೋ ಬೇಡವೋ? ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪುಟ) ಒಳಗೆ ಹೋಗಿ ಒಂದು ಸಂಖ್ಯೆ ಏರಿಸಿದರೆ ಪುಕ್ಕಟೆ ವೇಗ ಸಿಗುತ್ತದಂತೆ, ನಿಜವಾ? ಸಿಗುವುದೇನೋ ನಿಜ. ಆದರೆ ಆ ವೇಗ ನೀವು ಆಡುವ ಆಟದಲ್ಲಿ ಕಾಣಿಸುತ್ತದೆಯೇ ಎಂಬುದೇ ಮುಖ್ಯ. ಎಎಂಡಿಯ ರೈಜೆನ್ 5 5600 ಇಟ್ಟುಕೊಂಡು ಲೆಕ್ಕ ಹಾಕೋಣ. 2022ರಲ್ಲಿ ಬಂದ ಆರು ಕೋರ್‌ಗಳ ಚಿಪ್ ಇದು, ಮಧ್ಯಮ ಬಜೆಟ್‌ನವರಿಗೆ ಹೇಳಿಮಾಡಿಸಿದ್ದು.

ಮೊದಲು ಮೂಲ ವಿಷಯ. ಪ್ರೊಸೆಸರ್‌ನ ವೇಗ ಎಂದರೆ ಎರಡು ಸಂಖ್ಯೆಗಳ ಗುಣಾಕಾರ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 44 ಇದ್ದರೆ 4.4 ಗಿಗಾಹರ್ಟ್ಸ್. ಓವರ್‌ಕ್ಲಾಕ್ ಮಾಡುವವರು ಸಾಮಾನ್ಯವಾಗಿ ಈ ಮಲ್ಟಿಪ್ಲೈಯರ್ ಏರಿಸುತ್ತಾರೆ. ಇಂಟೆಲ್‌ನಲ್ಲಿ ಇದಕ್ಕೆ ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್ ಬೇಕು, ಜೊತೆಗೆ ‘ಝಡ್’ ಸರಣಿಯ ಮದರ್‌ಬೋರ್ಡ್ ಬೇಕು. ರೈಜೆನ್‌ನಲ್ಲಿ ಹೆಚ್ಚಿನ ಚಿಪ್‌ಗಳಿಗೆ ಬೀಗ ಇಲ್ಲ, ಬಿ450, ಬಿ550 ಬೋರ್ಡ್ ಸಾಕು. ಎ520 ಬೋರ್ಡ್ ಇದ್ದರೆ ಆಗುವುದಿಲ್ಲ.

ಹಿಂದೆ ಓವರ್‌ಕ್ಲಾಕ್‌ಗೆ ಇಷ್ಟು ಹೆಸರು ಬರಲು ಕಾರಣ ಇತ್ತು. 1998ರ ಇಂಟೆಲ್ ಸೆಲೆರಾನ್ 300ಎ ಚಿಪ್‌ನ ಮಲ್ಟಿಪ್ಲೈಯರ್ 4.5. ಬಸ್ ವೇಗವನ್ನು (ಆಗಿನ ಬೇಸ್ ಕ್ಲಾಕ್) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ಒಂದೇ ಏಟಿಗೆ ಶೇ. 50 ಜಾಸ್ತಿ! 2011ರ ಇಂಟೆಲ್ ಐ5-2500ಕೆ ಕೂಡ 3.3ರ ಚಿಪ್, ಒಳ್ಳೆಯ ಕೂಲರ್ ಇದ್ದರೆ ಎಷ್ಟೋ ಜನರ ಬಳಿ 4.5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆಗ ಕಂಪನಿಗಳು ಚಿಪ್‌ನಲ್ಲಿ ಅಷ್ಟು ಜಾಗ ಉಳಿಸಿಯೇ ಮಾರುತ್ತಿದ್ದವು. ಈಗ ಆ ಜಾಗವನ್ನು ಬೂಸ್ಟ್ ಎಂಬ ವ್ಯವಸ್ಥೆ ತಾನೇ ಬಳಸಿಕೊಳ್ಳುತ್ತದೆ. ನಮ್ಮ 5600 ಚಿಪ್‌ನ ಬೇಸ್ 3.5, ಆದರೆ ಆಟ ಶುರುವಾದ ಕೂಡಲೇ ಅದು ತಾನಾಗಿಯೇ 4.4ರ ಹತ್ತಿರ ಹೋಗಿರುತ್ತದೆ. ನಮಗೆ ಏರಿಸಲು ಉಳಿದಿರುವುದು ಸ್ವಲ್ಪವೇ.

ಆ ಸ್ವಲ್ಪ ಎಷ್ಟು ಅಂತ ನೋಡೋಣ. 4.4ರಿಂದ 4.6ಕ್ಕೆ ಏರಿಸಿದಿರಿ ಎಂದುಕೊಳ್ಳಿ. ಶೇ. 4.5ರಷ್ಟು ಹೆಚ್ಚಳ. ಆಟ ಪೂರ್ತಿ ಪ್ರೊಸೆಸರ್ ಮೇಲೇ ನಿಂತಿದ್ದರೆ ಸೆಕೆಂಡಿಗೆ 150 ಫ್ರೇಮ್ (ಪರದೆಯ ಮೇಲಿನ ಒಂದೊಂದು ಚಿತ್ರ) ಬರುತ್ತಿದ್ದದ್ದು ಹೆಚ್ಚೆಂದರೆ 157 ಆಗುತ್ತದೆ. ಒಂದು ಫ್ರೇಮ್‌ಗೆ 6.67 ಮಿಲಿಸೆಕೆಂಡ್ ಇದ್ದದ್ದು 6.37 ಆಯಿತು, ಅಷ್ಟೇ. ಇದಕ್ಕೆ ಬೆಲೆ ಏನು? ಚಿಪ್ ತಿನ್ನುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.6ರಲ್ಲಿ ಸ್ಥಿರವಾಗಿರಲು 1.20 ವೋಲ್ಟ್ ಬದಲು 1.35 ಬೇಕಾಯಿತು ಎಂದಿಟ್ಟುಕೊಳ್ಳಿ. 1.35ನ್ನು 1.20ರಿಂದ ಭಾಗಿಸಿ, ವರ್ಗ ಮಾಡಿ: 1.27. ಅದನ್ನು ವೇಗದ 1.045ರಿಂದ ಗುಣಿಸಿ: ಸುಮಾರು 1.32. ಶೇ. 4.5 ವೇಗಕ್ಕಾಗಿ ಶೇ. 32 ಜಾಸ್ತಿ ವಿದ್ಯುತ್, ಅಷ್ಟೂ ಬಿಸಿಯಾಗಿ ಹೊರಬರುತ್ತದೆ. ಪ್ರತಿ ಚಿಪ್‌ಗೂ ಬೇಕಾಗುವ ವೋಲ್ಟೇಜ್ ಬೇರೆ ಬೇರೆ, ಆದರೆ ಲೆಕ್ಕದ ದಾರಿ ಇದೇ. ಈ ಒಂದು ಗುಣಾಕಾರ ಕಲಿತರೆ ಅರ್ಧ ಗೊಂದಲ ಹೋಗುತ್ತದೆ.

ಇನ್ನರ್ಧ ಗೊಂದಲ ಹೋಗಬೇಕಾದರೆ ಫ್ರೇಮ್ ಯಾರಿಗಾಗಿ ಕಾಯುತ್ತಿದೆ ಎಂದು ತಿಳಿಯಬೇಕು. ಪ್ರತಿ ಫ್ರೇಮ್‌ಗೂ ಪ್ರೊಸೆಸರ್ ಮೊದಲು ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಎಂದೆಲ್ಲ ಲೆಕ್ಕ ಹಾಕಿ ಗ್ರಾಫಿಕ್ಸ್ ಕಾರ್ಡ್‌ಗೆ ಆಜ್ಞೆ ಕಳಿಸುತ್ತದೆ. ಕಾರ್ಡ್ ಚಿತ್ರ ಬಿಡಿಸುತ್ತದೆ. ನಿಧಾನವಾಗಿರುವವರು ಕಾರ್ಡ್ ಆಗಿದ್ದರೆ ಪ್ರೊಸೆಸರ್ ಎಷ್ಟು ಚುರುಕಾದರೂ ಒಂದು ಫ್ರೇಮ್ ಕೂಡ ಜಾಸ್ತಿ ಬರುವುದಿಲ್ಲ.

ಪರೀಕ್ಷೆ ಸುಲಭ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ಆಫ್ ಮಾಡಿ. ಫ್ರೇಮ್ ಸಂಖ್ಯೆ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿಕೊಂಡು ಆಟದಲ್ಲಿ ಒಂದೇ ಜಾಗದಲ್ಲಿ ನಿಂತು ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಸಂಖ್ಯೆ ಚೆನ್ನಾಗಿ ಏರಿದರೆ ತಡೆ ಗ್ರಾಫಿಕ್ಸ್ ಕಾರ್ಡ್‌ನದ್ದು. ಹಾಗಾದರೆ ಓವರ್‌ಕ್ಲಾಕ್ ವಿಷಯ ಅಲ್ಲಿಗೇ ಬಿಡಿ. ಸಂಖ್ಯೆ ಅಲುಗಾಡದೆ ಇದ್ದರೆ ಮಾತ್ರ ಪ್ರೊಸೆಸರ್ ಕಡೆ ಕೈ ಹಾಕಿ. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್ ತರಹದ ಆಟಗಳಲ್ಲಿ ಹೀಗಾಗುವುದು ಹೆಚ್ಚು. ಇಲ್ಲಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಬಳಕೆಯನ್ನು ನಂಬಬೇಡಿ. ನಮ್ಮ ಚಿಪ್‌ನ ಆರು ಕೋರ್‌ಗಳು ಒಂದೊಂದೂ ಎರಡರಂತೆ ನಡೆಸುವ 12 ಥ್ರೆಡ್‌ಗಳಲ್ಲಿ (ಕೆಲಸದ ಸಾಲುಗಳಲ್ಲಿ) ಒಂದು ಪೂರ್ತಿ ದಣಿದು ನಿಂತಿದ್ದರೂ ಅದರ ಪಾಲು ಒಟ್ಟು ಬಳಕೆಯಲ್ಲಿ ಶೇ. 8 ಮಾತ್ರ. ‘ಪ್ರೊಸೆಸರ್ ಶೇ. 40ರಲ್ಲೇ ಇದೆ, ಆರಾಮಾಗಿದೆ’ ಎನ್ನುವ ತೀರ್ಮಾನ ಎಷ್ಟೋ ಸಲ ತಪ್ಪು. ಇನ್ನೊಂದು ಮಾತು: ನಿಮ್ಮ ಮಾನಿಟರ್ 60 ಹರ್ಟ್ಸ್‌ನದ್ದಾಗಿದ್ದು ಆಟ ಈಗಾಗಲೇ 150 ಫ್ರೇಮ್ ಕೊಡುತ್ತಿದ್ದರೆ, ದುಡ್ಡನ್ನು ಮಾನಿಟರ್‌ಗೆ ಹಾಕುವುದೇ ಸರಿ.

ತಡೆ ಪ್ರೊಸೆಸರ್‌ನದ್ದೇ ಎಂದು ಗೊತ್ತಾದ ಮೇಲೂ ಮಲ್ಟಿಪ್ಲೈಯರ್ ಮುಟ್ಟುವ ಮೊದಲು ರ‍್ಯಾಮ್ ನೋಡಿ. 3200 ಎಂದು ಬರೆದ ಡಿಡಿಆರ್4 ರ‍್ಯಾಮ್ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಬರೆದ ವೇಗಕ್ಕೆ ಒಯ್ಯುವ ಸಿದ್ಧ ಸೆಟ್ಟಿಂಗ್) ಆನ್ ಮಾಡದಿದ್ದರೆ ಎಷ್ಟೋ ಕಡೆ 2133 ಅಥವಾ 2400ರಲ್ಲಿ ಸುಮ್ನೆ ತೆವಳುತ್ತಿರುತ್ತದೆ. ಒಂದೇ ಕಡ್ಡಿ ಇದ್ದರೆ ಇನ್ನೂ ಕಷ್ಟ. ಎರಡು ಕಡ್ಡಿ ಹಾಕಿ. ನಾಲ್ಕು ಸ್ಲಾಟ್‌ನ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯದರಲ್ಲಿ. ರೈಜೆನ್‌ನಲ್ಲಿ ಇದರ ಲಾಭ 200 ಮೆಗಾಹರ್ಟ್ಸ್ ಏರಿಸುವುದಕ್ಕಿಂತ ಜಾಸ್ತಿ ಬರುವುದು ಸಾಮಾನ್ಯ. ನಿಯಮದ ಪ್ರಕಾರ ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕೇ, ಆದರೆ ತಯಾರಕರೇ ಪರೀಕ್ಷಿಸಿ ಕೊಟ್ಟ ಸಂಖ್ಯೆಗಳು ಅವು.

ಇಷ್ಟಾದ ಮೇಲೂ ಬೇಕೆನಿಸಿದರೆ ನಾನು ಹೇಳುವ ದಾರಿ ಬಯಾಸ್‌ನಲ್ಲಿ ಸಿಗುವ ಕರ್ವ್ ಆಪ್ಟಿಮೈಸರ್ ಎಂಬ ಸೆಟ್ಟಿಂಗ್. ಇದು ಪ್ರತಿ ವೇಗಕ್ಕೂ ಚಿಪ್ ಕೇಳುವ ವೋಲ್ಟೇಜ್ ಅನ್ನು ಸ್ವಲ್ಪ ಇಳಿಸುತ್ತದೆ. ವೋಲ್ಟೇಜ್ ಇಳಿದರೆ ಮೇಲಿನ ವರ್ಗದ ಲೆಕ್ಕ ನಮ್ಮ ಪರವಾಗಿ ತಿರುಗುತ್ತದೆ. ಬಿಸಿ ಕಡಿಮೆ, ಅದೇ ಮಿತಿಯೊಳಗೆ ಬೂಸ್ಟ್ ಜಾಸ್ತಿ ಹೊತ್ತು ನಿಲ್ಲುತ್ತದೆ. ಮೈನಸ್ 10ರಿಂದ ಶುರು ಮಾಡಿ, ಐದೈದಾಗಿ ಇಳಿಸಿ. ಎಲ್ಲ ಕೋರ್‌ಗಳಿಗೂ ಒಂದೇ ಸ್ಥಿರ ವೇಗ ಕಟ್ಟಿಹಾಕುವ ಹಳೆಯ ವಿಧಾನ ರೈಜೆನ್‌ಗೆ ನನ್ನ ಪ್ರಕಾರ ಬೇಡ. ಒಂದೆರಡು ಕೋರ್ ಮಾತ್ರ ದುಡಿಯುವಾಗ ಸಿಗುವ ಮೇಲಿನ ಬೂಸ್ಟ್ ಕೈತಪ್ಪಿ, ಆಟ ಮೊದಲಿಗಿಂತ ನಿಧಾನವಾಗುವ ಸಾಧ್ಯತೆಯೂ ಇದೆ.

ಕೋಣೆಯ ಬಿಸಿಯನ್ನೂ ಮರೆಯಬೇಡಿ. ಏರ್ ಕೂಲರ್ ಕೋಣೆಯ ಗಾಳಿಯಿಂದಲೇ ತಂಪು ಮಾಡಬೇಕು. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಸರಿಯಾಗಿ ಓಡಿದ ಸೆಟ್ಟಿಂಗ್ ಏಪ್ರಿಲ್‌ನ ಕಲಬುರಗಿಯಲ್ಲಿ ಓಡುತ್ತದೆ ಎನ್ನುವ ಭರವಸೆ ಇಲ್ಲ. ವೋಲ್ಟೇಜ್ ಜಾಸ್ತಿಯಾದರೆ ಚಿಪ್ ಸವೆಯುವುದೂ ನಿಜ. ಇಂಟೆಲ್‌ನ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹೀಗೆ ಹೆಚ್ಚಾದ ವೋಲ್ಟೇಜ್‌ನಿಂದ ಅಸ್ಥಿರತೆ ಬಂದು, 2024ರಲ್ಲಿ ಕಂಪನಿ ಮೈಕ್ರೋಕೋಡ್ (ಚಿಪ್‌ನ ಒಳಗಿನ ತಂತ್ರಾಂಶ) ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ನಾವೇ ಓವರ್‌ಕ್ಲಾಕ್ ಮಾಡಿ ಕೆಡಿಸಿಕೊಂಡರೆ ಎಎಂಡಿ ವಾರಂಟಿ ಅದಕ್ಕೆ ಬರುವುದಿಲ್ಲ.

ಕೊನೆಗೆ ಸ್ಥಿರತೆಯ ಪರೀಕ್ಷೆ. ಹತ್ತು ನಿಮಿಷ ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಪರೀಕ್ಷಾ ತಂತ್ರಾಂಶ) ಓಡಿತು ಎಂದು ನಿಲ್ಲಿಸಬೇಡಿ. ಕರ್ವ್ ಆಪ್ಟಿಮೈಸರ್‌ನ ತೊಂದರೆ ಪೂರ್ತಿ ಲೋಡ್‌ನಲ್ಲಿ ಅಲ್ಲ, ಬ್ರೌಸರ್ ತೆರೆದು ಸುಮ್ನೆ ಬಿಟ್ಟಾಗ ಬರುತ್ತದೆ. ಒಂದೊಂದೇ ಕೋರ್ ಮೇಲಿನ ಬೂಸ್ಟ್‌ಗೆ ಹೋಗುವುದು ಆಗಲೇ ಅಲ್ವಾ? ಅದಕ್ಕೇ ಕೋರ್‌ಸೈಕ್ಲರ್‌ನಂಥ ಒಂದೊಂದು ಕೋರ್ ಪರೀಕ್ಷಿಸುವ ಸಾಧನ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವೀಯಾ-ಲಾಗರ್’ (WHEA-Logger) ಹೆಸರಿನ ಒಂದು ಹಾರ್ಡ್‌ವೇರ್ ದೋಷ ಕಂಡರೂ ಆ ಕೋರ್‌ನ ಸಂಖ್ಯೆಯನ್ನು ಐದು ಹಿಂದಕ್ಕೆ, ಅಂದರೆ ಮೈನಸ್ 20 ಇದ್ದರೆ ಮೈನಸ್ 15ಕ್ಕೆ, ತನ್ನಿ.