ಹಿಂಬದಿಯಲ್ಲಿ ನಾಣ್ಯ ಅಂಟಿಸಿಕೊಂಡ ಜೇಡ ನಿಜಾನಾ?

ಪ್ರಶ್ನೆ: ವಾಟ್ಸಾಪಿನಲ್ಲಿ ಒಂದು ಜೇಡದ ಫೋಟೋ ಬಂತು. ಅದರ ಹಿಂಭಾಗ ಚಾಕುವಿನಲ್ಲಿ ಕೊಯ್ದ ಹಾಗಿದೆ, ಅಲ್ಲಿ ಹಳೇ ನಾಣ್ಯದಂಥ ಮುದ್ರೆ ಇದೆ. ಇದು ನಿಜವಾದ ಜೇಡವೇ? ‘ಕಚ್ಚಿದರೆ ಸಾವು’ ಅಂತಲೂ ಬರೆದಿದ್ದರು.

ಉತ್ತರ: ಫೋಟೋ ನಿಜ, ಬರಹ ಸುಳ್ಳು.

ಇದು ಮಣ್ಣಿನಲ್ಲಿ ಬಿಲ ತೋಡಿ ಅದರ ಬಾಯಿಗೆ ಮುಚ್ಚಳ ಮಾಡಿಕೊಳ್ಳುವ, ಸೈಕ್ಲೋಕಾಸ್ಮಿಯಾ ಕುಲದ ಟ್ರ್ಯಾಪ್‌ಡೋರ್ ಜೇಡ. ಅಮೆರಿಕದ ಆಗ್ನೇಯ ಭಾಗ, ಮೆಕ್ಸಿಕೊ, ಚೀನಾ, ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿದೆ. ಅಮೆರಿಕದ ಒಂದು ಜಾತಿಗೆ 1841ರಲ್ಲೇ ‘ಟ್ರಂಕೇಟಾ’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಾಗಂದರೆ ಕತ್ತರಿಸಿದ್ದು ಅಂತ. ನೋಡಿದವರಿಗೆಲ್ಲ ಅನ್ನಿಸುವುದು ಅದೇ, ಅಲ್ವಾ?

ಆ ‘ನಾಣ್ಯ’ ಸುಮ್ನೆ ಅಲಂಕಾರವಲ್ಲ. ಅದು ಗಟ್ಟಿ ಬಿಲ್ಲೆ, ನಮ್ಮ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು. ಜೇಡದ ಬಿಲ ಕೆಳಗೆ ಹೋದಂತೆ ಕಿರಿದಾಗುತ್ತದೆ. ಶತ್ರು ಬಂದರೆ ಜೇಡ ತಲೆಕೆಳಗಾಗಿ ಒಳಗೆ ಓಡುತ್ತದೆ. ಬಿಲ್ಲೆಯ ಅಳತೆಗೆ ಸರಿಯಾದ ಜಾಗದಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಸೀಸೆಗೆ ಬಿರಡೆ ಹಾಕಿದ ಹಾಗೆ. ಜೇಡ ಹಿಡಿಯುವ ಕಣಜ ಮೇಲಿನ ಮುಚ್ಚಳ ತೆಗೆದು ಒಳಗೆ ಬಂದರೂ ಸಿಗುವುದು ಈ ಬಿಲ್ಲೆ ಮಾತ್ರ. ಚುಚ್ಚಲು ಮೆತ್ತಗಿನ ಜಾಗವೇ ಇಲ್ಲ. ಅಂದರೆ ಈ ಮನೆಗೆ ಎರಡು ಬಾಗಿಲು: ಒಂದು ಮಣ್ಣು ಮತ್ತು ರೇಷ್ಮೆಯದು, ಇನ್ನೊಂದು ಮನೆಯೊಡತಿಯ ಹಿಂಭಾಗ!

ಹಲ್ಲೂ ಬೇರೆ ಥರ. ನಮ್ಮ ಗೋಡೆ ಮೂಲೆಯ ಜೇಡದ ಹಲ್ಲು ಇಕ್ಕಳದಂತೆ ಎದುರುಬದುರು ಕೂಡುತ್ತವೆ. ಟ್ರ್ಯಾಪ್‌ಡೋರ್ ಜೇಡದವು ಜೋಡಿ ಪಿಕಾಸಿಯಂತೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಹಲ್ಲಿನ ಬುಡದ ಹತ್ತಿರ ಗಟ್ಟಿ ಮುಳ್ಳುಗಳ ಸಾಲಿದೆ, ಮಣ್ಣು ಅಗೆಯುವುದಕ್ಕೆ.

ಇನ್ನು ವಿಷ. ಅದು ಹುಳಹುಪ್ಪಟೆಗೆ ಸಾಕು, ಮನುಷ್ಯನ ಜೀವಕ್ಕೆ ಅಪಾಯವಿಲ್ಲ. ಹಲ್ಲು ದೊಡ್ಡದು, ಕಚ್ಚಿದರೆ ನೋಯುತ್ತದೆ, ಊದಬಹುದು. ಆದರೆ ಕಚ್ಚುವ ಸಂದರ್ಭವೇ ಅಪರೂಪ. ಹೆಣ್ಣು ಬಿಲ ಬಿಟ್ಟು ಬರುವುದೇ ಇಲ್ಲ ಅನ್ನಬಹುದು. ಹೊರಗೆ ಓಡಾಡುತ್ತ ಕಾಣುವುದು ಹೆಚ್ಚಾಗಿ ಹೆಣ್ಣನ್ನು ಹುಡುಕಿ ಹೊರಟ ಗಂಡು. ಈ ಭಯ ಬಂದಿದ್ದು ಬಹುಶಃ ಆಸ್ಟ್ರೇಲಿಯಾದ ಸಿಡ್ನಿ ಫನೆಲ್‌-ವೆಬ್ ಜೇಡದಿಂದ. ನೋಡಲು ಹೀಗೇ ಕಪ್ಪಗೆ, ದಪ್ಪಗೆ ಇರುವ ಅದು ನಿಜಕ್ಕೂ ಅಪಾಯಕಾರಿ. ಆದರೆ ಅದರ ಬಿಲಕ್ಕೆ ಇಂಥ ಮುಚ್ಚಳ ಇರುವುದಿಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲೂ ಟ್ರ್ಯಾಪ್‌ಡೋರ್ ಜೇಡಗಳಿವೆ, ಬಿಲ್ಲೆಯಿಲ್ಲದ ಬೇರೆ ಜಾತಿಯವು. ಮಣ್ಣಿನ ದರೆಯಲ್ಲಿ ಪಾಚಿ ಹಿಡಿದ ಪುಟ್ಟ ಮುಚ್ಚಳ ಕಂಡರೆ ಕಡ್ಡಿ ಹಾಕಿ ಕೀಳಬೇಡಿ. ಕೆಲವೊಮ್ಮೆ ನೀವು ಎತ್ತಿದಷ್ಟೂ ಒಳಗಿನಿಂದ ಅದೂ ಕಚ್ಚಿ ಹಿಡಿದು ಎಳೆಯುತ್ತದೆ.