ಫೋಟೋ ಅಂದ್ರೆ ಮುಖ ತಿರುಗಿಸುವವರಿಗೆ: ಸೈಕಾಲಜಿ ಪಾಠದಿಂದ ಒಂದು ಟಿಪ್ಪಣಿ

'ಮತ್ತೆ ಮತ್ತೆ ಕಂಡದ್ದು ಇಷ್ಟವಾಗುತ್ತದೆ' ಅನ್ನುವ ಪಾಠ ಓದುವಾಗ ನನಗೆ ನೆನಪಾದದ್ದು ನನ್ನ ಹಾಲ್ ಟಿಕೆಟ್ ಫೋಟೋ. ಕನ್ನಡಿಯಲ್ಲಿ ಎಡಕ್ಕೆ ಕಾಣುವ ಬೈತಲೆ ಅದರಲ್ಲಿ ಬಲಕ್ಕೆ ಹೋಗಿತ್ತು. ಒಂದು ಹುಬ್ಬು ಮೇಲೆ, ಇನ್ನೊಂದು ಕೆಳಗೆ. ಇದ್ಯಾರಪ್ಪ ಅನ್ನಿಸಿತು. ಅಮ್ಮ ಮಾತ್ರ "ಚೆನ್ನಾಗೇ ಬಂದಿದೆಯಲ್ಲೇ" ಅಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅಲ್ಲವಂತೆ!

ಈ ಪಾಠದ ಮೂಲ ಮನಶ್ಶಾಸ್ತ್ರಜ್ಞ ರಾಬರ್ಟ್ ಝೈಯನ್ಸ್ ಅವರ 1968ರ ಪ್ರಯೋಗಗಳು. (Zajonc ಅನ್ನುವ ಸ್ಪೆಲ್ಲಿಂಗ್ ನೋಡಿ ಝಜಾಂಕ್ ಅನ್ನಬೇಡಿ, ನಾನು ಕ್ಲಾಸಿನಲ್ಲಿ ಅಂದು ನಗೆಪಾಟಲಾಗಿದ್ದೇನೆ.) ಅರ್ಥವಿಲ್ಲದ ಪದವಾಗಲಿ, ಗೊತ್ತಿಲ್ಲದವರ ಮುಖವಾಗಲಿ, ಜಾಸ್ತಿ ಸಲ ನೋಡಿದ್ದೇ ಜನರಿಗೆ ಹಿಡಿಸಿತು. 1977ರಲ್ಲಿ ಮಿಟಾ, ಡರ್ಮರ್, ನೈಟ್ ಎಂಬ ಮೂವರು ಇದನ್ನೇ ಫೋಟೋಗೆ ತಂದರು. ಒಬ್ಬಳದೇ ಫೋಟೋವನ್ನು ಎರಡು ಥರ ಪ್ರಿಂಟ್ ಹಾಕಿಸಿದರು: ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ. ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯದನ್ನು ಆರಿಸಿದರು. ಅವರ ಗೆಳತಿಯರು ಇದ್ದ ಹಾಗಿನದನ್ನು. ಯಾರಿಗೆ ಯಾವ ಮುಖದ ರೂಢಿ ಇತ್ತೋ ಅದೇ ಚೆಂದ ಕಂಡಿತು. ಅಮ್ಮ ಸುಳ್ಳು ಹೇಳಿರಲಿಲ್ಲ. ನಾನು ದಿನಾ ನೋಡುವ ಮುಖ ಒಂದು, ಅವರು ನೋಡುವುದು ಇನ್ನೊಂದು.

ಸೆಲ್ಫಿಯದು ಬೇರೆಯೇ ಕಥೆ. ಕ್ಯಾಮೆರಾ ಹತ್ತಿರ ಬಂದಷ್ಟೂ ಮುಂದಿರುವ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಒಂದು ಅಡಿ ದೂರದಲ್ಲಿ ಮೂಗು ಸುಮಾರು 30% ಹೆಚ್ಚು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಐದು ಅಡಿಗೆ ಹೋದರೆ ಈ ತೊಂದರೆ ಇಲ್ಲ. ಹಾಗಾಗಿ ಸೆಲ್ಫಿ ನೋಡಿ ಮೂಗನ್ನು ಬೈಯಬೇಡಿ, ಕೈ ಗಿಡ್ಡ ಅಷ್ಟೇ.

'ಸ್ಮೈಲ್ ಪ್ಲೀಸ್' ಅಂದ ಕೂಡಲೇ ಮುಖ ಬಿಗಿಯುವುದಕ್ಕೂ ಕಾರಣ ಇದೆ. ತುಟಿಯನ್ನು ಬೇಕೆಂದಾಗ ಎಳೆಯಬಹುದು, ಆದರೆ ಕಣ್ಣಿನ ಸುತ್ತಲ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದಕ್ಕೇ ಫೋಟೋಗ್ರಾಫರ್ ಮೂರು ಎಣಿಸುವಾಗ ಪಕ್ಕದವರ ಹತ್ತಿರ ಏನಾದರೂ ಮಾತಾಡಿ. ನಗು ತಾನಾಗೇ ಬರಲಿ.

ಫೋಟೋಗೆ ಅಭ್ಯಾಸವಾಗುವುದು ಹೇಗೆ? ನನಗೆ ಕೆಲಸಕ್ಕೆ ಬಂದದ್ದು ಒಂದೇ. ಗೆಳತಿಯೊಬ್ಬಳು ದಿನಾ ಒಂದು ಫೋಟೋ ತೆಗೆಯುತ್ತಿದ್ದಳು. ಐದಾರು ಅಡಿ ದೂರದಿಂದ, ನಾನು ಕಾಫಿ ಕುಡಿಯುವಾಗಲೋ ಬಟ್ಟೆ ಮಡಚುವಾಗಲೋ. ಕೈಗೆ ಕೆಲಸ ಇದ್ದರೆ ಅದನ್ನು ಎಲ್ಲಿಡಲಿ ಅನ್ನುವ ಗೊಂದಲ ಇರುವುದಿಲ್ಲ. ನಿಯಮ ಇಷ್ಟೇ: ಒಂದು ವಾರ ಯಾವುದನ್ನೂ ಡಿಲೀಟ್ ಮಾಡಬಾರದು. ಮೊದಲ ಮೂರು ದಿನ ನಿಜಕ್ಕೂ ಹಿಂಸೆ. ಆಮೇಲೆ ಸುಮ್ನೆ ನೋಡಿ ಮುಂದೆ ಹೋಗುತ್ತಿದ್ದೆ. ಒಂದು ಮಾತು, ತೆಗೆಸಿಕೊಳ್ಳಲು ಮನಸ್ಸಿಲ್ಲದ ದಿನ ಬೇಡ ಅನ್ನುವುದೂ ನಿಮ್ಮ ಹಕ್ಕೇ. ಮದುವೆ ಊಟದಲ್ಲಿ ಬಾಯಿ ತುಂಬ ಒಬ್ಬಟ್ಟು ಇರುವಾಗ ವಿಡಿಯೋ ಲೈಟ್ ಬಿದ್ದರೆ ಎಲೆ ಕಡೆ ನೋಡಿ, ತಪ್ಪೇನಿಲ್ಲ.

ಉಳಿದ ಹಾಲ್ ಟಿಕೆಟ್ ಫೋಟೋ ಒಂದನ್ನು ಈ ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿದ್ದೇನೆ. ಹುಬ್ಬು ಇನ್ನೂ ಮೇಲೆ ಕೆಳಗೇ ಇದೆ. ಬೈತಲೆ ಯಾವ ಕಡೆ ಇದೆ ಅಂತ ಈಗ ತಿರುಗಿಸಿ ನೋಡಿದರೇ ಗೊತ್ತಾಗುವುದು.