ಒರೆಸದೆ ಉಳಿದ ಒಂದು ಗುರುತು

ನಮ್ಮ ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಎಲ್ಲರೂ ಸೇರಿ ಬಳಸುವ ಲಿನಕ್ಸ್ ಸರ್ವರ್ ಒಂದಾದರೂ ಇದ್ದೇ ಇರುತ್ತದೆ. ಮೊದಲ ವರ್ಷದ ಮಕ್ಕಳಿಂದ ಹಿಡಿದು ಪಿಎಚ್‌ಡಿ ಮಾಡುವವರ ತನಕ ಎಲ್ಲರೂ ಲಾಗಿನ್ ಆಗುವುದು ಅದಕ್ಕೇ. ಆದರೂ ಒಬ್ಬಳ ಅಸೈನ್‌ಮೆಂಟನ್ನು ಇನ್ನೊಬ್ಬ ತಿದ್ದಲಾರ. ಯಾರ್ಯಾರಿಗೆ ಖಾತೆ ಇದೆ ಎಂದು ಬರೆದಿಟ್ಟ ಕಡತವನ್ನು ಎಲ್ಲರೂ ಓದಬಹುದು, ಬದಲಿಸುವ ಅಧಿಕಾರ ಮಾತ್ರ ‘ರೂಟ್’ ಎಂಬ ಒಂದೇ ಖಾತೆಗೆ. ಈ ಅಂತರವನ್ನು ಹಗಲಿರುಳು ಕಾಯುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳು. ನಾವು ಓಡಿಸುವ ಪ್ರೋಗ್ರಾಮುಗಳು ಡಿಸ್ಕನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ಪ್ರೊಸೆಸರೇ ಅದಕ್ಕೆ ಬಿಡುವುದಿಲ್ಲ. ಪ್ರತಿಯೊಂದಕ್ಕೂ ಕರ್ನಲನ್ನು ಕೇಳಬೇಕು; ಕೇಳಿದವರು ಯಾರೆಂದು ನೋಡಿ ಅದು ಹೂಂ ಅಥವಾ ಊಹೂಂ ಎನ್ನುತ್ತದೆ.

ಸಾಮಾನ್ಯ ಬಳಕೆದಾರನೊಬ್ಬ ಈ ಕಾವಲನ್ನು ದಾಟಿ ರೂಟ್ ಆಗಿಬಿಡುವುದಕ್ಕೆ ಪ್ರಿವಿಲೇಜ್ ಎಸ್ಕಲೇಷನ್ ಎನ್ನುತ್ತಾರೆ. ಇಂಥ ಬಿರುಕುಗಳನ್ನು ಹುಡುಕುವವರು ಕತ್ತಲ ಕೋಣೆಯ ಹ್ಯಾಕರುಗಳೇ ಎಂದು ಬಹಳ ಮಂದಿ ನಂಬಿದ್ದಾರೆ. 2022ರಲ್ಲಿ ಜಗತ್ತಿನ ಕೋಟ್ಯಂತರ ಯಂತ್ರಗಳನ್ನು ಅಪಾಯಕ್ಕೆ ಒಡ್ಡಿದ್ದ ‘ಡರ್ಟಿ ಪೈಪ್’ ಎಂಬ ಲಿನಕ್ಸ್ ಕರ್ನಲಿನ ದೋಷ ಬೆಳಕಿಗೆ ಬಂದದ್ದು ಹಾಗಲ್ಲ. ಗ್ರಾಹಕರೊಬ್ಬರ ಒಂದು ಸಣ್ಣ ದೂರು ಅದಕ್ಕೆ ಮೂಲ.

ಜರ್ಮನಿಯ ಸಿಎಂ ಫೋರ್ ಆಲ್ ಎಂಬ ಕಂಪನಿಯಲ್ಲಿ ಮ್ಯಾಕ್ಸ್ ಕೆಲರ್‌ಮನ್ ಎಂಬ ಪ್ರೋಗ್ರಾಮರ್ ಇದ್ದರು. 2021ರ ಏಪ್ರಿಲಿನಲ್ಲಿ ಗ್ರಾಹಕರೊಬ್ಬರು, ‘ಡೌನ್‌ಲೋಡ್ ಮಾಡಿದ ಲಾಗ್ ಫೈಲ್ (ಸರ್ವರಿನ ದಿನಚರಿಯ ದಾಖಲೆ) ಬಿಚ್ಚಿಕೊಳ್ಳುತ್ತಿಲ್ಲ’ ಎಂದು ದೂರಿದರು. ನೋಡಿದರೆ ಕುಗ್ಗಿಸಿಟ್ಟ ಫೈಲಿನೊಳಗಿನ ಮಾಹಿತಿಯೆಲ್ಲ ಸರಿಯಾಗಿತ್ತು. ಮಾಹಿತಿ ಕೆಟ್ಟಿದೆಯೇ ಎಂದು ತಾಳೆ ನೋಡಲು ಕೊನೆಯಲ್ಲಿ ಇಡುವ ಅಂಕಿ ಮಾತ್ರ ತಪ್ಪಾಗಿತ್ತು. ಕೆಲರ್‌ಮನ್ ಅದನ್ನು ಸರಿಪಡಿಸಿ ಕೊಟ್ಟರು. ಕೆಲವು ತಿಂಗಳ ಬಳಿಕ ಮತ್ತೆ ಅದೇ ದೂರು. ಆಮೇಲೆ ಇನ್ನೊಮ್ಮೆ.

ಡಿಸ್ಕಿನದೋ ಮೆಮೊರಿಯದೋ ದೋಷ ಎಂದು ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಸರ್ವರಿನಲ್ಲಿದ್ದ ಫೈಲುಗಳನ್ನೆಲ್ಲ ಜಾಲಾಡಿದರು. ಕೆಟ್ಟಿದ್ದವು 37, ಅವುಗಳಲ್ಲಿ ಹೆಚ್ಚಿನವು ತಿಂಗಳ ಕೊನೆಯ ದಿನದವು. ಕೆಟ್ಟ ಫೈಲುಗಳ ತುದಿಯಲ್ಲಿ ಒಂದೇ ಬಗೆಯ 8 ಬೈಟುಗಳು, ಅವುಗಳ ಮೊದಲ ಎರಡು ಅಕ್ಷರ ‘ಪಿ’ ಮತ್ತು ‘ಕೆ’. ಜಿಪ್ ಫೈಲುಗಳನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಈ ಮೊದಲಕ್ಷರಗಳು ಜಿಪ್ ಶಿರೋಭಾಗಗಳಲ್ಲಿ ಇರುತ್ತವೆ. ಅಲ್ಲಿಗೆ ಒಂದು ಗಂಟು ಬಿಚ್ಚಿತು. ತಿಂಗಳಿಡೀ ದಿನಕ್ಕೊಂದರಂತೆ ಸೇರುವ ಲಾಗುಗಳನ್ನು ಗ್ರಾಹಕರು ಕೇಳಿದಾಗ ಒಂದೇ ಜಿಪ್ ಆಗಿ ಕಳುಹಿಸುವ ಪ್ರೋಗ್ರಾಮ್ ಒಂದಿತ್ತು. ತಿಂಗಳ ಕೊನೆಯ ಫೈಲಿನ ಹಿಂದೆಯೇ ಅದು ಜಿಪ್‌ನ ಶಿರೋಭಾಗವನ್ನು ಬರೆಯುತ್ತಿತ್ತು. ಆ ಬರಹವೇ ಹೇಗೋ ಮೂಲ ಫೈಲಿನ ತುದಿಗೂ ಹೋಗಿ ಕೂತಿತ್ತು.

ದಿಗಿಲು ಹುಟ್ಟಿಸುವ ಸಂಗತಿ ಏನೆಂದರೆ, ಆ ಪ್ರೋಗ್ರಾಮಿಗೆ ಲಾಗ್ ಫೈಲುಗಳನ್ನು ಓದುವ ಅನುಮತಿಯಷ್ಟೇ ಇತ್ತು. ಬರೆಯುವ ಅನುಮತಿ ಇರಲೇ ಇಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಕರ್ನಲಿನ ಎರಡು ಜಾಣತನಗಳನ್ನು ನೋಡಬೇಕು. ಫೈಲನ್ನು ಒಮ್ಮೆ ಓದಿದರೆ ಕರ್ನಲ್ ಅದನ್ನು 4096 ಬೈಟಿನ ಪುಟಗಳಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಯಾರೇ ಆ ಫೈಲನ್ನು ಕೇಳಿದರೂ ಸಿಗುವುದು ಈ ಪುಟಗಳೇ. ಇದು ಪೇಜ್ ಕ್ಯಾಶ್. ಎರಡನೆಯದು ಪೈಪ್, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಮಾಹಿತಿ ಹರಿಯುವ ದಾರಿ. ಯುನಿಕ್ಸಿಗೆ ಇದು 1973ರಲ್ಲೇ ಬಂತು. 2006ರಲ್ಲಿ ಲಿನಕ್ಸಿಗೆ ‘ಸ್ಪ್ಲೈಸ್’ ಎಂಬ ಸೌಲಭ್ಯ ಸೇರಿತು. ಫೈಲಿನ ಪುಟವನ್ನು ಪೈಪಿಗೆ ನಕಲು ಮಾಡುವ ಬದಲು, ‘ಇಗೋ, ಪುಟ ಅಲ್ಲಿದೆ’ ಎಂದು ವಿಳಾಸವನ್ನಷ್ಟೇ ಕೊಡುವ ವ್ಯವಸ್ಥೆ ಇದು. ನಕಲು ತಪ್ಪಿದರೆ ಸಮಯ ಉಳಿಯುತ್ತದೆ.

ಮುಂದಿನದನ್ನು ಉಡುಪಿ, ಮಂಗಳೂರಿನವರಿಗೆ ಬ್ಯಾಂಕಿನ ಮೂಲಕ ಹೇಳುವುದು ಸುಲಭ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಕಟ್ಟಿದ ಊರುಗಳಿವು. ಲೆಡ್ಜರ್ ಬರೆದ ಹಿರಿಯರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಕಂಪ್ಯೂಟರ್ ಬರುವ ಮುಂಚಿನ ಒಂದು ಶಾಖೆಯನ್ನು ಊಹಿಸಿಕೊಳ್ಳಿ. ಒಂದು ಮೇಜಿನಿಂದ ಇನ್ನೊಂದಕ್ಕೆ ಕಾಗದ ಸಾಗಿಸಲು 16 ಟ್ರೇಗಳಿವೆ. ಗುಮಾಸ್ತರು ಕಚ್ಚಾ ಹಾಳೆಯಲ್ಲಿ ಅರ್ಧ ಬರೆದು ಟ್ರೇಯಲ್ಲಿಡುತ್ತಾರೆ, ‘ಜಾಗ ಇದೆ, ಇದರಲ್ಲೇ ಮುಂದುವರಿಸಿ’ ಎಂಬ ಚೀಟಿ ಅಂಟಿಸುತ್ತಾರೆ. ಹಾಳೆ ಮುಂದಿನ ಮೇಜಿಗೆ ಹೋಯಿತು, ಟ್ರೇ ಖಾಲಿಯಾಗಿ ವಾಪಸು ಬಂತು, ಚೀಟಿಯನ್ನು ಯಾರೂ ಕೀಳಲಿಲ್ಲ. ಈಗ ಅದೇ ಟ್ರೇಯಲ್ಲಿ ಸ್ಟ್ರಾಂಗ್ ರೂಮಿನ ಅಸಲು ಲೆಡ್ಜರ್ ಬರುತ್ತದೆ, ಬರೀ ಓದುವುದಕ್ಕೆ. ಅದರ ಬೆನ್ನಿಗೇ ಬರೆಯಬೇಕಾದ ಇನ್ನೇನೋ ಬಂದಾಗ ಗುಮಾಸ್ತರು ಚೀಟಿ ನೋಡುತ್ತಾರೆ, ಪೆನ್ನು ತೆಗೆದು ಅಸಲಿನ ಮೇಲೆಯೇ ಬರೆಯುತ್ತಾರೆ. ಸ್ಟ್ರಾಂಗ್ ರೂಮಿನ ಬಾಗಿಲಲ್ಲಿ ಅನುಮತಿ ಕೇಳಿದ್ದು ಓದುವುದಕ್ಕೆ. ಬರೆಯುವಾಗ ಯಾರೂ ಕೇಳಲಿಲ್ಲ, ಏಕೆಂದರೆ ಟ್ರೇಯಲ್ಲಿ ಬರೆಯಲು ಅನುಮತಿ ಬೇಕು ಎಂಬ ನಿಯಮವೇ ಇಲ್ಲ.

ಲಿನಕ್ಸ್ ಪೈಪಿನಲ್ಲೂ ಸಾಮಾನ್ಯವಾಗಿ 16 ಸ್ಥಾನಗಳೇ. ಪ್ರತಿ ಸ್ಥಾನಕ್ಕೂ ‘ಇನ್ನೂ ಸೇರಿಸಬಹುದು’ ಎಂದು ಸೂಚಿಸುವ ಒಂದು ಬಿಟ್ ಇರುತ್ತದೆ. ಸ್ಥಾನವನ್ನು ಮರುಬಳಸುವಾಗ ಅದನ್ನು ಸೊನ್ನೆ ಮಾಡಬೇಕಿತ್ತು, ಮಾಡಿರಲಿಲ್ಲ.

ಈ ಮರೆವು ಸೇರಿಕೊಂಡದ್ದು 2016ರ 4.9ನೇ ಆವೃತ್ತಿಯಲ್ಲಿ. ಆಗ ಅದರಿಂದ ಕೇಡೇನೂ ಆಗಲಿಲ್ಲ, ಏಕೆಂದರೆ ಸೇರಿಸಬಹುದೇ ಎಂಬುದನ್ನು ಆಗಿನ ಕರ್ನಲ್ ಬೇರೆ ಬಗೆಯಲ್ಲಿ ತೀರ್ಮಾನಿಸುತ್ತಿತ್ತು. 2020ರ 5.8ರಲ್ಲಿ ಕೋಡನ್ನು ಚೊಕ್ಕ ಮಾಡುವಾಗ ಆ ತೀರ್ಮಾನವನ್ನು ಈ ಬಿಟ್‌ಗೆ ವಹಿಸಲಾಯಿತು. ನಾಲ್ಕು ವರ್ಷ ನಿರುಪದ್ರವಿಯಾಗಿ ಮಲಗಿದ್ದ ಮರೆವು ಆವತ್ತಿನಿಂದ ಅಪಾಯವಾಯಿತು. ಎರಡೂ ಬದಲಾವಣೆಗಳನ್ನು ಬಿಡಿಬಿಡಿಯಾಗಿ ಓದಿದರೆ ತಪ್ಪು ಕಾಣುವುದು ಕಷ್ಟ. ಕರ್ನಲ್ ಬರೆಯುವವರ ಬಗ್ಗೆ ನನಗಿರುವ ಗೌರವ ಇದರಿಂದ ಕಡಿಮೆಯಾಗಿಲ್ಲ. ಒಂದೇ ಕೋಡನ್ನು ಇಷ್ಟು ಜನ, ಇಷ್ಟು ವರ್ಷ ತಿದ್ದುತ್ತ ಬರುವ ಕೆಲಸ ಎಷ್ಟು ಕಠಿಣ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಕೆಲರ್‌ಮನ್ ತಮ್ಮ ಅನುಮಾನವನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಇಷ್ಟ. ಕೆಲವೇ ಸಾಲುಗಳ ಎರಡು ಪ್ರೋಗ್ರಾಮ್ ಬರೆದರು. ಒಂದು, ಫೈಲಿಗೆ ಬರೀ ‘ಎ’ಗಳನ್ನು ಬರೆಯುತ್ತದೆ. ಇನ್ನೊಂದು, ಆ ಫೈಲನ್ನು ಪೈಪಿಗೆ ಸ್ಪ್ಲೈಸ್ ಮಾಡಿ, ಪೈಪಿಗೆ ‘ಬಿ’ಗಳನ್ನು ಬರೆಯುತ್ತದೆ, ಫೈಲಿಗೆ ಅದು ಏನನ್ನೂ ಬರೆಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಫೈಲಿನೊಳಗೆ ‘ಬಿ’ಗಳು ಕಾಣಿಸಿಕೊಂಡವು. 5.10ರಲ್ಲಿ ಹೀಗಾಗುತ್ತಿತ್ತು, 4.19ರಲ್ಲಿ ಆಗುತ್ತಿರಲಿಲ್ಲ. ಇವೆರಡರ ನಡುವೆ 1,85,011 ಬದಲಾವಣೆಗಳು. ಒಂದೊಂದನ್ನೇ ನೋಡುತ್ತ ಕೂರಲಾಗದು. ಮಧ್ಯದ್ದನ್ನು ಓಡಿಸಿ ನೋಡುವುದು, ತೊಂದರೆ ಯಾವ ಅರ್ಧದಲ್ಲಿದೆಯೋ ಅದರ ಮಧ್ಯಕ್ಕೆ ಹೋಗುವುದು. ಹೀಗೆ 17 ಹೆಜ್ಜೆಗಳಲ್ಲಿ ಆ ಒಂದು ಬದಲಾವಣೆ ಕೈಗೆ ಸಿಕ್ಕಿತು.

ಇಷ್ಟಾದ ಮೇಲೆ ಅಪಾಯದ ಆಳ ಗೊತ್ತಾಯಿತು. ಪೈಪನ್ನು ಒಮ್ಮೆ ತುಂಬಿಸಿ ಬರಿದು ಮಾಡಿದರೆ 16 ಸ್ಥಾನಗಳಲ್ಲೂ ಆ ಗುರುತು ಉಳಿಯುತ್ತದೆ. ಆಮೇಲೆ ಓದಲು ಬರುವ ಯಾವ ಫೈಲನ್ನಾದರೂ ಸ್ಪ್ಲೈಸ್ ಮಾಡಿ ಅದರ ಮೇಲೆ ಬರೆಯಬಹುದು. ಖಾತೆಗಳ ಕಡತದಲ್ಲಿ ರೂಟ್‌ನ ಸಾಲನ್ನು ಬದಲಿಸಿದರೆ ಮುಗಿಯಿತು, ಮೊದಲ ವರ್ಷದ ವಿದ್ಯಾರ್ಥಿಯೂ ಸರ್ವರಿನ ಒಡೆಯ. 2016ರಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ಹಿಂದಿನ ದೋಷ ಒಂಬತ್ತು ವರ್ಷ ಕರ್ನಲಿನಲ್ಲಿ ಅಡಗಿತ್ತು. ಅದನ್ನು ಬಳಸಲು ಎರಡು ಕೆಲಸಗಳು ಸರಿಯಾದ ಕ್ಷಣದಲ್ಲಿ ಒಂದಕ್ಕೊಂದು ಅಡ್ಡಬರಬೇಕಿತ್ತು. ಡರ್ಟಿ ಪೈಪಿಗೆ ಅಂಥ ಅದೃಷ್ಟದ ಹಂಗಿಲ್ಲ. ಫೈಲನ್ನು ಉದ್ದ ಮಾಡಲಾಗದು, ಪುಟದ ಮೊದಲ ಬೈಟನ್ನು ಮುಟ್ಟಲಾಗದು ಎಂಬ ಮಿತಿಗಳಿದ್ದರೂ ಅವು ದಾಳಿಕೋರನನ್ನು ತಡೆಯುವಷ್ಟಿಲ್ಲ. ತನಿಖೆಗೂ ಇದು ತೊಡಕು. ಪುಟ ಬದಲಾಯಿತೆಂದು ಕರ್ನಲಿಗೇ ತಿಳಿದಿರುವುದಿಲ್ಲವಾದ್ದರಿಂದ, ಬೇರೆ ಕಾರಣಕ್ಕೆ ಆ ಪುಟ ಡಿಸ್ಕಿಗೆ ಹೋಗದಿದ್ದರೆ, ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ಬರೆದದ್ದು ಅಳಿಸಿಹೋಗುತ್ತದೆ.

2022ರ ಫೆಬ್ರವರಿ 20ರಂದು ಕೆಲರ್‌ಮನ್ ಕರ್ನಲಿನ ಭದ್ರತಾ ತಂಡಕ್ಕೆ ವಿವರವನ್ನೂ ಪರಿಹಾರವನ್ನೂ ಕಳುಹಿಸಿದರು. ಪರಿಹಾರ ಎಷ್ಟು ದೊಡ್ಡದು? ಎರಡು ಕಡೆ ಒಂದೊಂದು ಸಾಲು, ಗುರುತನ್ನು ಸೊನ್ನೆ ಮಾಡು ಎಂದು. 23ರಂದು 5.16.11, 5.15.25, 5.10.102 ಆವೃತ್ತಿಗಳು ಹೊರಬಂದವು, ಮರುದಿನ ಗೂಗಲ್ ಆ ತಿದ್ದುಪಡಿಯನ್ನು ಆಂಡ್ರಾಯ್ಡ್ ಕರ್ನಲಿಗೆ ಸೇರಿಸಿಕೊಂಡಿತು. ಜಗತ್ತಿಗೆ ವಿಷಯ ತಿಳಿಸಿದ್ದು ಮಾರ್ಚ್ 7ರಂದು.

ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಲಿನಕ್ಸ್ ಕರ್ನಲೇ. ಆದರೆ ಅಂದು ಅಪಾಯದಲ್ಲಿದ್ದದ್ದು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22ರಂಥ ಹೊಸ ಫೋನುಗಳು. ಮಲ್ಪೆ ಬಂದರಿನಲ್ಲಿ ಮೀನಿನ ದರ ವಿಚಾರಿಸುವವರ ಜೇಬಿನ ಹಳೆಯ ಫೋನುಗಳ ಕರ್ನಲ್ 5.8ಕ್ಕಿಂತ ಹಿಂದಿನದಾದ್ದರಿಂದ ಈ ದೋಷ ಅವುಗಳಲ್ಲಿ ಇರಲಿಲ್ಲ. ಹಾಗೆಂದು ಹಳೆಯದೇ ಕ್ಷೇಮ ಎನ್ನುವಂತಿಲ್ಲ, ಬೇರೆ ಬಿರುಕುಗಳು ಅವುಗಳಲ್ಲಿವೆ. ನನಗೆ ಹೆಚ್ಚು ಚಿಂತೆ ಇರುವುದು ಒಮ್ಮೆ ಇನ್‌ಸ್ಟಾಲ್ ಮಾಡಿ ಮರೆತುಬಿಟ್ಟ ಲ್ಯಾಬ್ ಸರ್ವರುಗಳ ಬಗ್ಗೆ. ಅಪ್‌ಡೇಟ್ ಹಾಕಿದರಷ್ಟೇ ಸಾಲದು, ಯಂತ್ರ ರೀಬೂಟ್ ಆಗುವ ತನಕ ಓಡುತ್ತಿರುವುದು ಹಳೆಯ ಕರ್ನಲೇ. ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಅದನ್ನು ಮುಂದೂಡುವುದು ಸುಲಭ.

ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ ಇದೆ. ನೆಟ್‌ವರ್ಕಿಗೆ ಸೇರಿಸದ ಒಂದು ವರ್ಚುವಲ್ ಮಷೀನಿನಲ್ಲಿ 5.10.101 ಕರ್ನಲ್ ಹಾಕಿ, ಆ ಎರಡು ಪುಟ್ಟ ಪ್ರೋಗ್ರಾಮುಗಳನ್ನು ವಿದ್ಯಾರ್ಥಿಗಳಿಂದಲೇ ಬರೆಸಿ ಓಡಿಸಿ. ‘ಎ’ಗಳ ನಡುವೆ ‘ಬಿ’ ಬಂದದ್ದನ್ನು ಅವರು ನೋಡಲಿ. ಆಮೇಲೆ 5.10.102 ಹಾಕಿ, ಏನು ಬದಲಾಯಿತೆಂದು ಕರ್ನಲಿನ ಕೋಡಿನಲ್ಲೇ ಹುಡುಕಲು ಹೇಳಿ.